ಬಾಗಿದ ಬೆನ್ನು ಮತ್ತು ಶಿಲುಬೆ

ಕಷ್ಟ ಬಂದಾಗ "ದೇವರೇ, ನನಗೇ ಯಾಕೆ?" ಎಂದು ಕೇಳುತ್ತೇವೆ. ಉತ್ತರ ಸಿಗದಿದ್ದರೆ "ಎಲ್ಲಾ ದೇವರ ಚಿತ್ತ" ಎಂದು ಸುಮ್ಮನಾಗುತ್ತೇವೆ. ಆದರೆ ಎಲ್ಲಾ ನೋವನ್ನೂ ದೇವರ ತಲೆಗೆ ಕಟ್ಟುವುದು ವಿಶ್ವಾಸವೇ?

ತಮಿಳುನಾಡಿನ ಧರ್ಮಪುರಿ ಜಿಲ್ಲೆಯನ್ನು ನೋಡೋಣ. ತಮಿಳಿನ ಜೊತೆ ಕನ್ನಡ, ತೆಲುಗು ಕೇಳಿಬರುವ ಗಡಿನಾಡು ಅದು. ಅಲ್ಲಿನ ಅನೇಕ ಊರುಗಳಲ್ಲಿ, ಪಕ್ಕದ ಸೇಲಂ ಜಿಲ್ಲೆಯ ಕೆಲವೆಡೆಗಳಲ್ಲಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನೆಲದಡಿಯ ಕಲ್ಲಿನಿಂದ ಅದು ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರು ತಿಳಿಯಾಗಿಯೇ ಕಾಣುತ್ತದೆ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ, ಕೆಲವರ ಬೆನ್ನೇ ಬಾಗಿಹೋಗುತ್ತದೆ. ಇದನ್ನು ಹಣೆಬರಹ ಎನ್ನೋಣವೇ?

ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ 18 ವರ್ಷ ನಡುಬಗ್ಗಿ ಬದುಕಿದ ಹೆಂಗಸೊಬ್ಬಳಿದ್ದಾಳೆ. ಪ್ರಭು ಯೇಸು ಆಕೆಗೆ ತಾಳ್ಮೆಯ ಉಪದೇಶ ಮಾಡಲಿಲ್ಲ. ಸಬ್ಬತ್ ದಿನವೆಂದೂ ನೋಡದೆ ಹತ್ತಿರ ಕರೆದು, ಮುಟ್ಟಿ, ನೆಟ್ಟಗೆ ನಿಲ್ಲಿಸಿದರು. ನೀಗಬಹುದಾದ ನೋವನ್ನು ನೀಗುವುದೇ ದೇವರ ಚಿತ್ತ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕೇ?

ಕಾವೇರಿಯ ನೀರನ್ನು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಮನೆಗಳಿಗೆ ತಲುಪಿಸಲು ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ರೂಪುಗೊಂಡಿತು. 2008ರಲ್ಲಿ ಅದರ ಸುತ್ತ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಿತು. 2013ರಲ್ಲಿ ಯೋಜನೆ ಉದ್ಘಾಟನೆಯಾಯಿತು. ನದಿಯ ವಾದ ಏನೇ ಇರಲಿ, ಬಾಗಿದ ಬೆನ್ನಿಗೆ ಭಾಷೆಯಿಲ್ಲ ಎಂಬುದನ್ನು ಕ್ರೈಸ್ತರಾದ ನಾವು ಮರೆಯಬಾರದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಳ್ಳೆಯ ನೀರು ಬಂದರೂ ಆಗಲೇ ಬಾಗಿದ ಎಲುಬು ನೆಟ್ಟಗಾಗುವುದಿಲ್ಲ. ಅಂಥವರಿಗೆ ಏನು ಹೇಳೋಣ? ಕ್ರಿಸ್ತರ ಯಾತನೆಯಲ್ಲಿ ತಮ್ಮ ನೋವೂ ಸೇರಿ ಸಭೆಗೆ ಒಳಿತಾಗುತ್ತದೆಂದು ಸಂತ ಪೌಲರು ಕೊಲೊಸ್ಸೆಯರಿಗೆ ಬರೆದರು. ನೋವನ್ನು ಕುರಿತು 1984ರ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದ ದಿನ, ಜಗದ್ಗುರು ಎರಡನೇ ಜಾನ್ ಪೌಲರು ಹೊರಡಿಸಿದ ಪತ್ರದಲ್ಲಿ ಎರಡು ಮಾತು ಒಟ್ಟಿಗೆ ಬರುತ್ತವೆ: ನರಳುವವನು ತನ್ನ ನೋವಿನಿಂದಲೇ ಒಳಿತು ಮಾಡಬಲ್ಲ, ನರಳುವವನಿಗೆ ಒಳಿತು ಮಾಡುವುದು ಉಳಿದವರ ಕರ್ತವ್ಯ. ಮೊದಲನೆಯದನ್ನು ಹೇಳುವ ಅಧಿಕಾರ ಬರುವುದು ಎರಡನೆಯದನ್ನು ಮಾಡಿದವರಿಗೆ ಮಾತ್ರ. ಶಿಲುಬೆಯ ಹಾದಿಯಲ್ಲಿ ಸಿರೇನಿನ ಸಿಮೋನ ಉಪದೇಶ ಮಾಡಲಿಲ್ಲ, ಹೆಗಲು ಕೊಟ್ಟ.

ಪ್ರಿಯ ಓದುಗರೇ, ನಮ್ಮ ಬೀದಿಯ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸೋಣ. ಎಳೆಯ ಮಕ್ಕಳಿಗೆ ಶುದ್ಧ ನೀರು ಸಿಗುವಂತೆ ನೋಡಿಕೊಳ್ಳೋಣ. ಪೂಜೆಗೆ ಬರಲಾಗದೆ ಮನೆಯಲ್ಲೇ ಕುಳಿತ ಅಜ್ಜಿಯ ಬಳಿ ಹೋಗಿ, ಒಂದು ಬಿಂದಿಗೆ ನೀರು ತಂದಿಟ್ಟು, ಜೊತೆಗೆ ಕುಳಿತು ಜಪಮಾಲೆ ಹೇಳೋಣ. ಆಕೆಯ ಪ್ರಾರ್ಥನೆ ನಮ್ಮನ್ನು ಹೊರುತ್ತದೆ. ಆಕೆಯ ಬಿಂದಿಗೆಯನ್ನು ನಾವು ಹೊರೋಣ.