ಗರ್ಭಕೊರಳಿನ ಕ್ಯಾನ್ಸರ್: ಮನೆಯಲ್ಲೇ ಮಾದರಿ ತೆಗೆಯುವ ಕ್ರಮ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಭಾಗದ ಹೆಂಗಸರು ತೋಟ, ಹಟ್ಟಿ, ಬೀಡಿ ಕಟ್ಟುವ ಕೆಲಸಗಳಲ್ಲಿ ದಿನವಿಡೀ ದುಡಿಯುತ್ತಾರೆ. ನೋವಿಲ್ಲದಿರುವಾಗ ಆಸ್ಪತ್ರೆಗೆ ಹೋದರೆ ಒಂದು ದಿನದ ಸಂಪಾದನೆ ನಷ್ಟ. ಒಳಪರೀಕ್ಷೆಯೆಂದರೆ ಸಂಕೋಚವೂ ಉಂಟು. ಆದ್ದರಿಂದ ತಪಾಸಣೆ ಮುಂದಕ್ಕೆ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30–49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇ. 2ಕ್ಕಿಂತ ಕಡಿಮೆ.

ರೋಗ ಬರುವ ಬಗೆ

ಈ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್.ಪಿ.ವಿ. ಎಂಬ ವೈರಾಣು. ಇದು ದಾಂಪತ್ಯ ಸಂಪರ್ಕದಿಂದಲೂ ತಗಲುವುದರಿಂದ ಯಾರ ನಡತೆಯನ್ನೂ ಶಂಕಿಸಬೇಕಾಗಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೆ ಸಾಮಾನ್ಯವಾಗಿ 15–20 ವರ್ಷಗಳಲ್ಲಿ ಕ್ಯಾನ್ಸರಾಗಬಹುದು. ಅದಕ್ಕೂ ಮೊದಲೇ ಪತ್ತೆಯಾದರೆ ತಡೆಯುವುದು ಸುಲಭ.

ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಬಾರಿ ಎಚ್.ಪಿ.ವಿ. ಪರೀಕ್ಷೆ ನಡೆಸಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಅಲ್ಲಿ ಮಾದರಿ ತೆಗೆದವರು ದಾದಿಯರು. ಹೆಂಗಸರು ತಾವೇ ತೆಗೆದ ಮಾದರಿಯೂ ಈ ಪರೀಕ್ಷೆಗೆ ಆಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ರೈತರು ಮಣ್ಣಿನ ಮಾದರಿಯನ್ನು ತಾವೇ ತೆಗೆದು ಪ್ರಯೋಗಾಲಯಕ್ಕೆ ಕೊಡುವಂತೆಯೇ ಇದು.

ಮಾದರಿ ತೆಗೆಯುವ ವಿಧಾನ

1. ಆರೋಗ್ಯ ಕಾರ್ಯಕರ್ತೆ ಕೊಟ್ಟ ಕಿಟ್ಟನ್ನೇ ಬಳಸಬೇಕು. ಮುಟ್ಟಿನ ದಿನಗಳಲ್ಲಿ ಬೇಡ. ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು.
2. ಕೈಗಳನ್ನು ಸೋಪಿನಿಂದ ತೊಳೆಯಬೇಕು. ಬ್ರಷ್ಷಿನ ತುದಿಯನ್ನು ಮುಟ್ಟಬಾರದು, ನೆಲಕ್ಕೆ ತಾಗಿಸಬಾರದು.
3. ಕುಕ್ಕುರುಗಾಲಿನಲ್ಲಿ ಕುಳಿತು ಬ್ರಷ್ಷನ್ನು ಯೋನಿಯೊಳಗೆ ನಿಧಾನವಾಗಿ ತೂರಿಸಬೇಕು. ತಡೆದಂತಾದರೆ ಒತ್ತಬಾರದು.
4. ಕಿಟ್ಟಿನಲ್ಲಿ ಹೇಳಿದಷ್ಟು ಸುತ್ತು ತಿರುಗಿಸಿ ಹೊರತೆಗೆದು, ಕೊಳವೆಯಲ್ಲಿಟ್ಟು ಮುಚ್ಚಿ, ಹೆಸರು ಬರೆಸಿ ಕೊಡಬೇಕು.

ಫಲಿತಾಂಶ ಬಂದ ಮೇಲೆ

ವೈರಾಣು ಕಂಡುಬಂದರೆ ಕ್ಯಾನ್ಸರ್ ಬಂದಿದೆ ಎಂದು ಅರ್ಥವಲ್ಲ. ಆದರೆ ಆಸ್ಪತ್ರೆಗೆ ಹೋಗಿ ಗರ್ಭಕೊರಳನ್ನು ತೋರಿಸಲೇಬೇಕು. ಕ್ಯಾನ್ಸರಿಗೆ ಮುಂಚಿನ ಬದಲಾವಣೆಯನ್ನು ಅನೇಕ ವೇಳೆ ಒಂದೇ ಭೇಟಿಯಲ್ಲಿ ಸುಟ್ಟು ತೆಗೆಯಬಹುದು. ವರದಿ ನೋಡಿ ಸುಮ್ಮನಿದ್ದರೆ ಮಾದರಿ ಕೊಟ್ಟೂ ಪ್ರಯೋಜನವಿಲ್ಲ. ವೈರಾಣು ಇಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ ಮತ್ತೆ ಪರೀಕ್ಷಿಸಿಕೊಳ್ಳಬೇಕು.

ಸಂಪರ್ಕದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಹೋಗುವುದು, ದುರ್ವಾಸನೆಯ ಸ್ರಾವ ಇದ್ದವರು ಕಿಟ್ಟಿಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಕಿಟ್ಟು ದೊರೆಯದ ಊರುಗಳಲ್ಲಿ 30 ವರ್ಷ ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆಯ ಬಗ್ಗೆ ವಿಚಾರಿಸಬಹುದು.

ವಿಸ್ತರಣಾ ಕಾರ್ಯಕರ್ತರು ಹಾಲಿನ ಸೊಸೈಟಿ ಮತ್ತು ಸ್ವಸಹಾಯ ಸಂಘದ ಸಭೆಗಳಲ್ಲಿ ಈ ವಿಷಯ ತಿಳಿಸುವುದು ಒಳ್ಳೆಯದು. ಮನೆಯ ಗಂಡಸರು ಆ ಒಂದು ದಿನ ಹಟ್ಟಿಯ ಕೆಲಸ ನೋಡಿಕೊಂಡರೆ ಹೆಂಗಸರಿಗೆ ಆಸ್ಪತ್ರೆಗೆ ಹೋಗಿಬರಲು ಅನುಕೂಲವಾಗುತ್ತದೆ.