ಕರಗುವುದೇ ಅದರ ಕರ್ತವ್ಯ

ಮಳೆಗಾಲದ ರಾತ್ರಿ ಶಿರಾಡಿ ಘಾಟಿಯಲ್ಲಿ ಕಾರಿನ ವೈಪರ್ ಇದ್ದಕ್ಕಿದ್ದಂತೆ ನಿಂತುಹೋದರೆ ಮುಂದಿನ ದಾರಿಯೇ ಕಾಣದು. ಇಂಥ ತೊಂದರೆಯ ಮೂಲ ಎಷ್ಟೋ ಸಲ ಹತ್ತಿಪ್ಪತ್ತು ರೂಪಾಯಿಯ ಒಂದು ಫ್ಯೂಸ್. ಬದಲಿಸಲು ಐದು ನಿಮಿಷ ಸಾಕು. ಆದರೂ ಲಕ್ಷಗಟ್ಟಲೆ ಹಣ ತೆತ್ತು ಕಾರು ಕೊಂಡವರಲ್ಲಿ ಅನೇಕರಿಗೆ ಫ್ಯೂಸ್ ಪೆಟ್ಟಿಗೆ ಎಲ್ಲಿದೆಯೆಂಬುದೇ ತಿಳಿದಿರುವುದಿಲ್ಲ. ಈ ಅಜ್ಞಾನಕ್ಕಿಂತಲೂ ಅಪಾಯಕಾರಿಯಾದುದು ಅರೆಜ್ಞಾನ: ಸುಟ್ಟ ಫ್ಯೂಸಿನ ಜಾಗದಲ್ಲಿ ದೊಡ್ಡ ಫ್ಯೂಸನ್ನೋ ತಂತಿಯ ತುಂಡನ್ನೋ ತುರುಕಿ ಮುಂದೆ ಸಾಗುವ ಅಭ್ಯಾಸ.

ಈ ಅಭ್ಯಾಸ ನಮಗೆ ಹೊಸತಲ್ಲ. ಮನೆಗಳಲ್ಲಿ ಪಿಂಗಾಣಿಯ ಫ್ಯೂಸ್ ಇದ್ದ ಕಾಲದಲ್ಲಿ, ಪದೇ ಪದೇ ಹೋಗಬಾರದೆಂದು ತಂತಿಯನ್ನು ಎರಡು ಎಳೆ ಹೆಚ್ಚು ಸುತ್ತುತ್ತಿದ್ದವರು ನಾವು. ಫ್ಯೂಸ್ ಕರಗುವುದನ್ನು ಅದರ ದೋಷವೆಂದು ಬಗೆದದ್ದೇ ಇದಕ್ಕೆ ಕಾರಣ. ವಾಸ್ತವವಾಗಿ ಕರಗುವುದೇ ಅದರ ಕರ್ತವ್ಯ. ವಿದ್ಯುತ್ ಪ್ರವಾಹ ಮಿತಿಮೀರಿದಾಗ ತಾನು ಕರಗಿ, ದುಬಾರಿ ತಂತಿಜಾಲವನ್ನೂ ಒಳಗೆ ಕುಳಿತವರನ್ನೂ ಕಾಪಾಡಲೆಂದೇ ಅದನ್ನು ದುರ್ಬಲವಾಗಿ ರೂಪಿಸಲಾಗಿದೆ.

ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು ಪಟ್ಟು. 10 ಆಂಪಿಯರ್ ಜಾಗದಲ್ಲಿ 30 ಆಂಪಿಯರ್ ಫ್ಯೂಸ್ ಹಾಕುವುದೆಂದರೆ, ಒಂಬತ್ತು ಪಟ್ಟು ಶಾಖವನ್ನು ಸಹಿಸೆಂದು ತಂತಿಗೆ ಆಜ್ಞಾಪಿಸಿದಂತೆ. ತಂತಿ ಆಜ್ಞೆ ಪಾಲಿಸುವುದಿಲ್ಲ. ಅದರ ಹೊದಿಕೆ ಕರಗುತ್ತದೆ, ಬೆಂಕಿ ಹೊತ್ತಿಕೊಳ್ಳಬಹುದು.

ಪರೀಕ್ಷಿಸುವ ಕ್ರಮ ಸರಳವಾದುದು. ಒಂದೇ ದೀಪ ಉರಿಯದಿದ್ದರೆ ಮೊದಲು ಬಲ್ಬನ್ನು ಶಂಕಿಸಬೇಕು. ಹಲವು ಉಪಕರಣಗಳು ಒಟ್ಟಿಗೆ ನಿಂತರೆ ಫ್ಯೂಸನ್ನು. ಎಂಜಿನ್ ನಿಲ್ಲಿಸಿ ಕೀಲಿ ತೆಗೆಯಿರಿ. ಸಾಮಾನ್ಯವಾಗಿ ಒಂದು ಫ್ಯೂಸ್ ಪೆಟ್ಟಿಗೆ ಡ್ಯಾಶ್‌ಬೋರ್ಡ್ ಕೆಳಗೆ, ಇನ್ನೊಂದು ಬಾನೆಟ್ ಒಳಗೆ ಬ್ಯಾಟರಿಯ ಸಮೀಪ ಇರುತ್ತದೆ. ಯಾವ ಫ್ಯೂಸ್ ಯಾವುದಕ್ಕೆಂಬ ನಕ್ಷೆ ಮುಚ್ಚಳದ ಮೇಲೋ ಕೈಪಿಡಿಯಲ್ಲೋ ಸಿಗುತ್ತದೆ. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚಿಮುಟವಿದ್ದರೆ ಅದರಿಂದ ಫ್ಯೂಸನ್ನು ನೇರವಾಗಿ ಎಳೆದು ಬೆಳಕಿಗೆ ಹಿಡಿಯಿರಿ. ಒಳಗಿನ ಲೋಹದ ಪಟ್ಟಿ ತುಂಡಾಗಿದ್ದರೆ ಅದು ಸುಟ್ಟಿದೆ. ಕಣ್ಣಿಗೆ ಖಚಿತವಾಗದಿದ್ದರೆ ಮಲ್ಟಿಮೀಟರ್ ಹೇಳುತ್ತದೆ.

ಹೊಸದು ಅದೇ ಗಾತ್ರದ, ಅದೇ ಅಂಕಿಯ ಫ್ಯೂಸ್ ಆಗಿರಬೇಕು. ಸಾಮಾನ್ಯ ಫ್ಯೂಸುಗಳಲ್ಲಿ 10 ಆಂಪಿಯರ್‌ಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು ಬಣ್ಣವಿರುತ್ತದೆ. ಆದರೂ ಮೇಲೆ ಮುದ್ರಿಸಿದ ಅಂಕಿಯನ್ನೇ ನಂಬಬೇಕು. ದಾರಿಯಲ್ಲಿ ಬದಲಿ ಇಲ್ಲದಿದ್ದರೆ, ಸಂಗೀತ ಪೆಟ್ಟಿಗೆಯಂಥ ಅನಿವಾರ್ಯವಲ್ಲದ ಉಪಕರಣದಿಂದ ಅದೇ ಅಂಕಿಯದನ್ನು ತಾತ್ಕಾಲಿಕವಾಗಿ ಎರವಲು ಪಡೆಯಬಹುದು.

ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಅಲ್ಲಿಗೆ ನಿಲ್ಲಿಸಬೇಕು. ಆಕ್ಷೇಪಣೆ ಎತ್ತಿದ ಗುಮಾಸ್ತನನ್ನು ವರ್ಗ ಮಾಡಿದ ಮಾತ್ರಕ್ಕೆ ಕಡತದ ದೋಷ ಹೋಗುವುದಿಲ್ಲ. ಎಲ್ಲೋ ತಂತಿಯ ಹೊದಿಕೆ ಸವೆದಿರಬಹುದು, ನೀರು ಇಳಿದಿರಬಹುದು, ಮೋಟಾರು ಸಿಕ್ಕಿಕೊಂಡಿರಬಹುದು. ನಾವೇ ಹೇರಿದ ಹೊರೆಯೂ ಕಾರಣವಾಗಬಹುದು: ಎರಡು 55 ವಾಟ್ ದೀಪಗಳು 12 ವೋಲ್ಟ್ ಬ್ಯಾಟರಿಯಿಂದ ಸುಮಾರು 9 ಆಂಪಿಯರ್ ಎಳೆಯುತ್ತವೆ, ಅವುಗಳ ಬದಲು 100 ವಾಟಿನವನ್ನು ಹಾಕಿಸಿದರೆ ಸುಮಾರು 17.

ಇದಕ್ಕೊಂದು ಆರ್ಥಿಕ ಮುಖವೂ ಉಂಟು. ಜಾರ್ಜ್ ಅಕರ್ಲಾಫ್ 1970ರ ತಮ್ಮ ಲೇಖನದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು, ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆಯೇ ಹೇಗೆ ಕೆಡುತ್ತದೆಂದು ತೋರಿಸಿದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ರಿಪೇರಿಯ ವ್ಯವಹಾರದಲ್ಲೂ ಇದೇ ಅಸಮತೆಯಿದೆ. ಎಲ್ಲ ಮೆಕ್ಯಾನಿಕ್‌ಗಳೂ ಮೋಸ ಮಾಡುತ್ತಾರೆಂದಲ್ಲ. ಆದರೆ ‘ಫ್ಯೂಸ್ ಬದಲಿಸಿದೆ, ವೈಪರ್ ಹಾಕಿದೊಡನೆ ಮತ್ತೆ ಸುಟ್ಟಿತು’ ಎಂದು ಹೇಳಬಲ್ಲ ಗ್ರಾಹಕನಿಗೆ ಅನವಶ್ಯಕ ಬಿಡಿಭಾಗ ಮಾರುವುದು ಕಷ್ಟ. ಪ್ರಾಮಾಣಿಕ ಮೆಕ್ಯಾನಿಕ್‌ಗೆ ಅವನ ಮಾತು ಸಹಾಯವೇ.

ಈ ಸ್ವಾವಲಂಬನೆಗೂ ಮಿತಿಯಿದೆ. ಏರ್‌ಬ್ಯಾಗ್‌ಗೆ ಸಂಬಂಧಿಸಿದ ಫ್ಯೂಸುಗಳನ್ನು ತಜ್ಞರಿಗೇ ಬಿಡಬೇಕು. ವಿದ್ಯುತ್ ಚಾಲಿತ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಪ್ರಾಣಾಂತಿಕ ವೋಲ್ಟೇಜ್ ಹೊತ್ತಿರುತ್ತವೆ. ಅವುಗಳ ಗೊಡವೆಗೆ ಹೋಗಲೇಬಾರದು.

ಚಾಲನಾ ತರಬೇತಿ ಶಾಲೆಗಳು ಗೇರು, ಕ್ಲಚ್ಚುಗಳ ಜೊತೆಗೆ ಈ ಪಾಠಕ್ಕೂ ಅರ್ಧ ಗಂಟೆ ಮೀಸಲಿಡಬೇಕು. ಅದಕ್ಕೆ ಕಾಯಬೇಕಾಗಿಲ್ಲ. ಬರುವ ಭಾನುವಾರ ಹಗಲು ಬೆಳಕಿನಲ್ಲಿ ಮುಚ್ಚಳ ತೆರೆದು ನಕ್ಷೆಯನ್ನು ಓದಿ. ಅಗತ್ಯದ ನಾಲ್ಕಾರು ಫ್ಯೂಸುಗಳನ್ನು ಕೊಂಡು ಕಾರಿನಲ್ಲಿರಿಸಿ. ಘಾಟಿಯ ಕತ್ತಲಲ್ಲಿ, ಮಳೆಯ ನಡುವೆ ಕಲಿಯುವ ಪಾಠವಲ್ಲ ಇದು.