ಒಣಗಿದ ಕಿವಿಯೆಲ್ಲ ವಾಸಿಯಾದ ಕಿವಿಯಲ್ಲ

ನಮ್ಮ ಪರಂಪರೆಯಲ್ಲಿ ಕಿವಿಗೆ ವಿಶೇಷ ಸ್ಥಾನವಿದೆ. ದೀಕ್ಷೆಯ ವೇಳೆ ಗುರುಗಳು ಮಂತ್ರೋಪದೇಶ ಮಾಡುವುದು ಕಿವಿಯಲ್ಲಿಯೇ. ಆದರೂ ಮಕ್ಕಳ ಕಿವಿಯ ವಿಷಯದಲ್ಲಿ ನಮ್ಮ ಅಲಕ್ಷ್ಯ ಅಷ್ಟಿಷ್ಟಲ್ಲ. "ನೆಗಡಿಯಾದಾಗಲೆಲ್ಲ ಕಿವಿ ಸೋರುತ್ತದೆ, ನಾಲ್ಕು ದಿನಕ್ಕೆ ತಾನೇ ಒಣಗುತ್ತದೆ" ಎಂದು ತಾಯಂದಿರು ನಿಶ್ಚಿಂತೆಯಿಂದ ಹೇಳುವುದನ್ನು ನನ್ನ ಚಿಕಿತ್ಸಾಲಯದಲ್ಲಿ ಕೇಳುತ್ತಲೇ ಬಂದಿದ್ದೇನೆ.

ಸುಶ್ರುತಸಂಹಿತೆಯು 28 ಕರ್ಣರೋಗಗಳನ್ನು ಹೇಳುತ್ತದೆ. ಕರ್ಣಸ್ರಾವ, ಪೂತಿಕರ್ಣಗಳು ಸೋರುವ ಕಿವಿಯ ವ್ಯಾಧಿಗಳು. ಕಿವಿತಮಟೆಯ ಹಿಂದಿನ ಮಧ್ಯಕರ್ಣವನ್ನು ಮೂಗಿನ ಹಿಂಭಾಗದ ಗಂಟಲಿಗೆ ಕೂಡಿಸುವ ಕಿರುನಾಳವೊಂದಿದೆ. ಮಕ್ಕಳಲ್ಲಿ ಅದು ಗಿಡ್ಡವಾಗಿಯೂ ಹೆಚ್ಚು ಇಳಿಜಾರಿಲ್ಲದೆಯೂ ಇರುವುದರಿಂದ, ನೆಗಡಿಯಾದಾಗ ರೋಗಾಣುಗಳು ಸುಲಭವಾಗಿ ಒಳಸೇರುತ್ತವೆ. ಅವುಗಳಲ್ಲಿ ಹೀಮೋಫಿಲಸ್ ಇನ್‌ಫ್ಲುಯೆಂಜೆ ಮತ್ತು ನ್ಯೂಮೋಕಾಕಸ್ ಮುಖ್ಯವಾದವು.

ಔಷಧ ಕೊಟ್ಟರೂ ಇವು ಮರಳಿ ಬರುವುದೇಕೆ? ಉತ್ತರ ಅವುಗಳ ವಂಶವಾಹಿಗಳಲ್ಲಿದೆ. 1995ರಲ್ಲಿ ಹೀಮೋಫಿಲಸ್‌ನ ಸಂಪೂರ್ಣ ವಂಶಲಿಪಿಯನ್ನು ವಿಜ್ಞಾನಿಗಳು ಓದಿದರು. ಸ್ವತಂತ್ರವಾಗಿ ಬದುಕುವ ಜೀವಿಯೊಂದರ ಪೂರ್ಣ ಲಿಪಿಯನ್ನು ಓದಿದ್ದು ಅದೇ ಮೊದಲು. ಸುಮಾರು 18 ಲಕ್ಷ ಅಕ್ಷರಗಳ ಆ ಲಿಪಿಯ ಕೆಲವೆಡೆ ನಾಲ್ಕೇ ಅಕ್ಷರಗಳ ತುಣುಕು ಮತ್ತೆ ಮತ್ತೆ ಬರುತ್ತದೆ. ತಾಳೆಗರಿಯನ್ನು ಪ್ರತಿ ಮಾಡುವ ಲಿಪಿಕಾರನು ಒಂದೇ ಪದ ಹಲವು ಬಾರಿ ಬಂದಲ್ಲಿ ಎಣಿಕೆ ತಪ್ಪುವಂತೆ, ರೋಗಾಣು ಇಮ್ಮಡಿಯಾಗುವಾಗ ಇಲ್ಲಿ ತುಣುಕೊಂದು ಬಿಟ್ಟುಹೋಗುತ್ತದೆ ಅಥವಾ ಹೆಚ್ಚಾಗುತ್ತದೆ. ಅಷ್ಟಕ್ಕೇ ಒಂದು ವಂಶವಾಹಿ ನಿಷ್ಕ್ರಿಯವಾಗುತ್ತದೆ, ಇಲ್ಲವೇ ನಿಂತಿದ್ದುದು ಮತ್ತೆ ಸಕ್ರಿಯವಾಗುತ್ತದೆ. ರೋಗಾಣುವಿನ ಹೊರಮೈ ಬದಲಾಗುತ್ತದೆ. ಹಳೆಯ ರೂಪವನ್ನು ಗುರುತಿಟ್ಟುಕೊಂಡ ದೇಹದ ರಕ್ಷಣಾಶಕ್ತಿಗೆ, ಹಗಲುವೇಷದವನಂತೆ ಹೊಸ ರೂಪದಲ್ಲಿ ಬಂದವನು ಗುರುತು ಸಿಗುವುದಿಲ್ಲ. ಇದು ರೋಗಾಣುವಿನ ಜಾಣತನವಲ್ಲ. ಅಸಂಖ್ಯಾತ ಪ್ರತಿಗಳಲ್ಲಿ ಉಳಿಯಬಲ್ಲ ಕೆಲವು ಉಳಿದು ಬೆಳೆಯುತ್ತವೆ.

ನ್ಯೂಮೋಕಾಕಸ್‌ನ ರೀತಿಯೇ ಬೇರೆ. ಸತ್ತ ನೆರೆಯವನ ವಂಶದ್ರವ್ಯವನ್ನೇ ತನ್ನದಾಗಿಸಿಕೊಳ್ಳಬಲ್ಲದು. ಇಂಗ್ಲೆಂಡಿನ ಫ್ರೆಡರಿಕ್ ಗ್ರಿಫಿತ್ 1928ರಲ್ಲಿಯೇ ಇಂತಹ ಗುಣಾಂತರವನ್ನು ಇಲಿಗಳಲ್ಲಿ ತೋರಿಸಿದ್ದರು. ಔಷಧವನ್ನು ಎದುರಿಸುವ ಗುಣವೂ ಹೀಗೆ ಒಂದರಿಂದ ಒಂದಕ್ಕೆ ದಾಟಬಹುದು.

ಇದಲ್ಲದೆ ಇವು ಗುಂಪುಗೂಡಿ ಅಂಟುಪೊರೆಯೊಂದನ್ನು ಹೆಣೆದು ಅದರೊಳಗೆ ನೆಲೆಸುತ್ತವೆ. 2006ರಲ್ಲಿ ಅಮೆರಿಕದ ಸಂಶೋಧಕರು, ದೀರ್ಘಕಾಲದ ಕಿವಿಬೇನೆಗಾಗಿ ಶಸ್ತ್ರಚಿಕಿತ್ಸೆಗೆ ಬಂದ 26 ಮಕ್ಕಳ ಮಧ್ಯಕರ್ಣದ 50 ಮಾದರಿಗಳನ್ನು ನೋಡಿದಾಗ 46ರಲ್ಲಿ ಈ ಪೊರೆ ಕಂಡಿತು. ಪೊರೆಯೊಳಗಿನ ರೋಗಾಣುವಿಗೆ ಆಂಟಿಬಯಾಟಿಕ್ ಸುಲಭವಾಗಿ ತಟ್ಟುವುದಿಲ್ಲ. ಹೊರಗೆ ಕಿವಿ ಒಣಗಿರುತ್ತದೆ. ಒಳಗೆ ಬೆಂಕಿ ಬೂದಿ ಮುಚ್ಚಿಕೊಂಡಿರುತ್ತದೆ.

ಆದ್ದರಿಂದ ಭಕ್ತರಲ್ಲಿ ನನ್ನ ವಿನಂತಿ ಇಷ್ಟು. ಕಳೆದ ವರ್ಷ ಉಳಿದ ಔಷಧವನ್ನು ಈ ವರ್ಷ ಹಾಕಬೇಡಿ. ವೈದ್ಯರು ಹೇಳಿದಷ್ಟು ದಿನ ಔಷಧವನ್ನು ಪೂರ್ತಿ ಕೊಡಿ. ಸೋರುವ ಕಿವಿಗೆ ಕಾಯಿಸಿದ ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಬಿಡಬೇಡಿ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ತೂತಾದ ತಮಟೆಯ ಕಿವಿಗೆ ತೈಲಪೂರಣ ಸಲ್ಲದು. ಸ್ನಾನದಲ್ಲಿ ನೀರು ಸೇರದಂತೆ ನೋಡಿಕೊಳ್ಳಿ. ಮಗುವನ್ನು ಅಂಗಾತ ಮಲಗಿಸಿ ಬಾಟಲಿ ಹಾಲು ಕುಡಿಸಬೇಡಿ. ಬೀಡಿ, ಒಲೆಯ ಹೊಗೆಯಿಂದ ದೂರವಿಡಿ. ಸರ್ಕಾರದ ವತಿಯಿಂದ 6ನೆಯ ವಾರ, 14ನೆಯ ವಾರ ಹಾಗೂ 9ನೆಯ ತಿಂಗಳಲ್ಲಿ ಉಚಿತವಾಗಿ ಕೊಡುವ ನ್ಯೂಮೋಕಾಕಲ್ ಲಸಿಕೆಯನ್ನು ತಪ್ಪಿಸಬೇಡಿ.

ಎರಡು ವಾರ ಮೀರಿ ಕಿವಿ ಸೋರಿದರೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ತೋರಿಸಿ, ಶ್ರವಣ ಪರೀಕ್ಷೆಯನ್ನೂ ಮಾಡಿಸಿ. ಕಿವಿಯ ಹಿಂದೆ ಬಾವು, ತೀವ್ರ ತಲೆನೋವು, ತಲೆಸುತ್ತು, ಮುಖ ಸೊಟ್ಟಗಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಕರೆದರೆ ಓಗೊಡದ ಮಗುವನ್ನು ಶಾಲೆಯಲ್ಲಿ ದಡ್ಡನೆಂದು, ಮನೆಯಲ್ಲಿ ಹಠಮಾರಿಯೆಂದು ಬೈಯುವ ಮೊದಲು ಅದರ ಕಿವಿಯನ್ನೊಮ್ಮೆ ಪರೀಕ್ಷಿಸೋಣ. ಗುರುವಾಣಿಯೂ ತಾಯಿಯ ಮಾತೂ ಒಳಗೆ ತಲುಪಬೇಕಾದ ಬಾಗಿಲು ಅದು.